ಹೊಸ್ತಿಲ ಮೇಲಿನ ಒಡಪು

ಲ್ಯಾಟಿನ್ ನನಗೆ ಬರುವುದಿಲ್ಲ. ನಿಘಂಟಿನ ಮೂಲೆಯಲ್ಲಿ ಕಂಡಷ್ಟೇ ಗೊತ್ತು. ನಿಂತಲ್ಲೇ ಹುಟ್ಟಿಸಿ ಹಾಡುವುದನ್ನು ಸಂಗೀತಗಾರರು ‘ಇಂಪ್ರೊವೈಸೇಶನ್’ ಎನ್ನುತ್ತಾರಲ್ಲ, ಅದರ ಲ್ಯಾಟಿನ್ ಮೂಲವನ್ನು ಬಿಡಿಸಿದರೆ ಮೂರು ತುಂಡು: ‘ಇಂ’ ಎಂದರೆ ಅಲ್ಲ, ‘ಪ್ರೊ’ ಎಂದರೆ ಮುಂಚೆ, ‘ವಿಸುಸ್’ ಎಂದರೆ ಕಂಡದ್ದು. ಒಟ್ಟಿನಲ್ಲಿ, ಮುಂಚೆ ಕಾಣದ್ದು. ದಿನಸಿ ಅಂಗಡಿಯ ‘ಪ್ರೊವಿಜನ್’ ಕೂಡ ಇದೇ ಮನೆತನದ್ದಂತೆ. ಅದು ಮುಂಚೆ ಕಂಡು ಕೂಡಿಟ್ಟದ್ದು. ಒಂದೇ ಮನೆಯಲ್ಲಿ ಒಬ್ಬ ಜಿಪುಣ, ಒಬ್ಬ ಅಲೆಮಾರಿ. ನಾನು ಅಲೆಮಾರಿಯ ಕಡೆಯವನು. ಮುಂದಿನ ಸಾಲು ಗೊತ್ತಿಲ್ಲದೆ ಕತೆ ಬರೆಯುತ್ತೇನೆಂದು ಹೇಳಿಕೊಂಡು ತಿರುಗುತ್ತೇನೆ. ಹಾಗೆ ಕಾಣಿಸಲು ನಾಲ್ಕು ಕರಡು ಬೇಕಾಗುತ್ತವೆ, ಅದು ಬೇರೆ ಮಾತು.

ನಿಂತಲ್ಲೇ ಹುಟ್ಟಿಸುವುದಕ್ಕೆ ನಾನು ಕೊಡುವ ಉದಾಹರಣೆ ಯಾವಾಗಲೂ ಒಂದೇ: ನನ್ನ ಹೆಂಡತಿ ನೀಲಮ್ಮ. ವಡಗೇರಾದ ಹುಡುಗಿ ಮದುವೆಯಾಗಿ ಸುರಪುರದ ನಮ್ಮ ಮನೆಗೆ ಬಂದ ಮಧ್ಯಾಹ್ನ, ನನ್ನ ಅಕ್ಕ ಬಾಗಿಲಿಗೆ ಕೈ ಅಡ್ಡ ಇಟ್ಟಳು. ಹೊಸ ಸೊಸೆ ಗಂಡನ ಹೆಸರು ಸೇರಿಸಿ ಒಡಪು, ಅಂದರೆ ಪ್ರಾಸದ ಎರಡು ಸಾಲು, ಹೇಳಿದರೇ ಒಳಗೆ ಪ್ರವೇಶ. ತಡವರಿಸಿದವಳನ್ನು ನಮ್ಮ ಓಣಿಯ ಹೆಂಗಸರು ವರ್ಷಗಟ್ಟಲೆ ಆಡಿಕೊಳ್ಳುತ್ತಿದ್ದರು. ನೀಲಮ್ಮ ಬೆಳ್ಳಿ ಬಟ್ಟಲಿನ ಯಾವುದೋ ಹಳೆಯ ಒಡಪು ಹೇಳಿದಳು.

“ಏ, ಅದು ನಮ್ಮವ್ವ ಹೇಳಿದ್ದು! ಹೊಸಾದು ಹೇಳವಾ,” ಎಂದಳು ಅಕ್ಕ. ಹೆಂಗಸರು ನಗಲು ತಯಾರಾದರು. ಆಗ ನೀಲಮ್ಮ ಅಂದಳು:

“ಬಿಸಿಲಾಗ ನಿಂತು ಬಾಯಿ ಒಣಗ್ಯಾದ, ಚರಗಿ ನೀರು ಕೊಡ್ರಿ;
ಶರಣಪ್ಪನವರ ಹೆಸರು ಹೇಳೀನಿ, ಇನ್ನರ ಬಾಗಿಲ ಬಿಡ್ರಿ.”

ಅಕ್ಕನ ಕೈ ತಾನಾಗಿ ಕೆಳಗಿಳಿಯಿತು. ನನ್ನ ನೆನಪಿನಲ್ಲಿ ಇಡೀ ಓಣಿ ಚಪ್ಪಾಳೆ ತಟ್ಟುತ್ತದೆ. ಅಷ್ಟು ಜನ ಅಲ್ಲಿದ್ದರೇ ಎಂಬುದು ಅನುಮಾನ. ಪ್ರತಿ ಸಲ ಹೇಳುವಾಗ ನಾನೇ ಒಂದಿಬ್ಬರನ್ನು ಸೇರಿಸಿರಬೇಕು.

ಮೊನ್ನೆ ಇಷ್ಟನ್ನು ಬರೆದು ಅವಳಿಗೆ ಓದಿದೆ. ಸೊಪ್ಪು ಸೋಸುತ್ತಿದ್ದವಳು ತಲೆ ಎತ್ತಲಿಲ್ಲ.

“ಅಲ್ಲೇ ಹುಟ್ಟಿದ್ದು ಅಂತ ಯಾರು ಹೇಳ್ಯಾರ್ರೀ? ದಾರ್ಯಾಗ ಶಹಾಪುರ ದಾಟೋತನಕಾ ಬಾಯಾಗ ಅದನ್ನ ಅಂದ್ಕೊಂತ ಬಂದೀನಿ.”

“ಮತ್ತ ಆ ಬಿಸಿಲಿನ ಮಾತು?”

“ಬ್ಯಾಸಗಿ ಮದುವಿ, ಬಿಸಿಲು ಬಿಡ್ತದೇನು? ಮಳಿ ಬಂದಿದ್ರ ಮಳೀದೊಂದು ಬ್ಯಾರೆ ಇತ್ತು.”

ಹಾಗೆ ಕಟ್ಟಿಟ್ಟುಕೊಂಡ ಒಡಪು ಒಟ್ಟು ಒಂಬತ್ತು ಇದ್ದವಂತೆ. ಮೊದಲ ದಿನವೇ ನಗೆಪಾಟಲಾದರೆ ಆ ಮನೆಯಲ್ಲಿ ಬಾಳುವುದು ಹೇಗೆಂದು ಎಂಟು ದಿನ ಊಟ ಸೇರಿರಲಿಲ್ಲವಂತೆ. ಅವಳು ಎಲ್ಲವನ್ನೂ ಮುಂಚೆಯೇ ಕಂಡಿದ್ದಳು. ಅವಳ ಸೆರಗಿಗೆ ಗಂಟು ಹಾಕಿಸಿಕೊಂಡು ಪಕ್ಕದಲ್ಲೇ ನಿಂತಿದ್ದ ನಾನು ಮಾತ್ರ ಅವಳ ಹೆದರಿಕೆಯನ್ನು ಕಂಡಿರಲಿಲ್ಲ.

“ಅಷ್ಟು ಅಂಜಿದ್ದಿಯೇನು?” ಎಂದೆ.

“ಈಗ ಕೇಳ್ತೀರಿ?” ಎಂದು ನಕ್ಕಳು.

ಅರ್ಧ ಸೊಪ್ಪನ್ನು ನನ್ನ ಕಡೆ ಎಳೆದುಕೊಂಡು ಸೋಸಲು ಕೂತೆ.