ಅಕ್ಕ ಕಳಿಸಿದ ತಟ್ಟೆ

ವವಾವು ದ್ವೀಪದಲ್ಲಿ ಅಕ್ಕನಿಗೆ ಎದುರಾಡಿದ ತಮ್ಮ ಇನ್ನೂ ಹುಟ್ಟಿಲ್ಲ. ದನಿ ಎತ್ತಿದರೆ ಚಾವಣಿ ನಡುಗಿಸುವ ಸಲೇಸಿಯೂ ಅಕ್ಕ ಲುಪೆಯ ಮುಂದೆ ಬೆಕ್ಕಿನ ಮರಿ. ದೊಡ್ಡವರಾದ ಮೇಲೆ ಅವರಿಬ್ಬರೂ ಒಂದೇ ಕೋಣೆಯಲ್ಲಿ ಕೂತವರಲ್ಲ, ನಕ್ಕು ಮಾತಾಡಿದವರಲ್ಲ. ಅಲ್ಲಿ ಮರ್ಯಾದೆ ಅಂದರೆ ಹಾಗೇ. ಅಕ್ಕನ ಅಕ್ಕರೆಯೆಲ್ಲ ಊಟದ ತಟ್ಟೆಯಲ್ಲಿ ಬರುತ್ತಿತ್ತು.

ಸಕ್ಕರೆ ಕಾಯಿಲೆ ಅವನ ಬಲಗಾಲನ್ನು ತಿಂದುಹಾಕಿತು. ಆಸ್ಪತ್ರೆಯವರು ಮೊಣಕಾಲ ಕೆಳಗೆ ಕಡಿದು, ಗಾಯ ಮಾಗಿದ ಮೇಲೆ ಕೃತಕ ಕಾಲು ಮಾಡಿಕೊಟ್ಟರು. "ಕಾಲು ಕೂರೋ ಈ ಬಟ್ಟಲು ನಿನ್ನ ಈಗಿನ ಮೈಗೆ ಸರಿಯಾಗಿದೆ. ದಪ್ಪ ಆದ್ಯೋ, ಮೋಟುಗಾಲು ಇದರೊಳಗೆ ಹೋಗಲ್ಲ ನೋಡು" ಎಂದು ನರ್ಸ್ ಗದರಿದ್ದಳು. ಅವನಿಗೆ ಬೇಕಿದ್ದದ್ದು ಒಂದೇ: ಭಾನುವಾರ ಇಗರ್ಜಿಯಲ್ಲಿ ಗಂಡಸರ ಸಾಲಿನಲ್ಲಿ ನಿಂತು ಹಾಡುವುದು. ಕೂತು ಹಾಡಿದರೆ ಅದೂ ಒಂದು ಹಾಡೇ?

ಎಡವಟ್ಟಾದದ್ದು ತಕ್ಕಡಿಯಿಂದ. ಆಸ್ಪತ್ರೆಯಲ್ಲಿ ತೂಗಿದಾಗ ತೂಕ ಇಳಿದಿತ್ತಂತೆ ಎಂಬ ಸುದ್ದಿ ಲುಪೆಯ ಕಿವಿಗೆ ಬಿತ್ತು. ಕಾಲೇ ಹೋದ ಮೇಲೆ ತೂಕ ಇಳಿಯದೆ ಏರುತ್ತದೆಯೇ, ದೇವರೇ! ಅವಳು ಮಾತ್ರ ತಮ್ಮ ಸವೆದು ಹೋಗುತ್ತಿದ್ದಾನೆಂದು ಎದೆ ಬಡಿದುಕೊಂಡಳು. ಅವತ್ತಿನಿಂದ ತಟ್ಟೆ ಎರಡಾದವು. ಒಂದರಲ್ಲಿ ಕೆಸವಿನೆಲೆಯಲ್ಲಿ ಸುತ್ತಿ ತೆಂಗಿನಹಾಲಲ್ಲಿ ಬೇಯಿಸಿದ ಮಾಂಸ, ಇನ್ನೊಂದರಲ್ಲಿ ಗೆಣಸು, ಹಂದಿಯ ಕೊಬ್ಬು. ಹೊತ್ತು ತರುವವಳು ಲುಪೆಯ ಮಗಳು ಫುಸಿ. ಸೋದರಮಾವನನ್ನು ಗೇಲಿ ಮಾಡುವ ಹಕ್ಕು ಅವಳಿಗೆ ಹುಟ್ಟಿನಿಂದಲೇ ಬಂದದ್ದು.

"ತಿನ್ನು ಮಾವ. ಕುಂಟ ಹಂದಿನೂ ಕೊಬ್ಬುತ್ತೆ."

"ಸಾಕು ಅಂತ ನಿಮ್ಮಮ್ಮಂಗೆ ಹೇಳೇ."

"ನೀನೇ ಹೇಳ್ಕೋ. ನಂಗಿನ್ನೂ ಬದುಕೋ ಆಸೆ ಇದೆಯಪ್ಪಾ."

ಅವನು ತಿಂದ. ಹೆಂಡತಿ ಸತ್ತ, ಮಕ್ಕಳಿಲ್ಲದ ಮನೆ. ಫುಸಿ ಕೂರುತ್ತಿದ್ದದ್ದೂ ತಟ್ಟೆ ಖಾಲಿಯಾಗುವವರೆಗೆ ಮಾತ್ರ. ಅದಕ್ಕೇ ನಿಧಾನವಾಗಿ ತಿಂದ, ಎಲ್ಲವನ್ನೂ ತಿಂದ. ಕೂತಲ್ಲೇ ಕೂತು ಮೈ ಬಂತು. ಒಂದು ಭಾನುವಾರ ಮೋಟುಗಾಲು ಬಟ್ಟಲೊಳಗೆ ಹೋಗಲೇ ಇಲ್ಲ. ಇಗರ್ಜಿಯ ಗಂಟೆ ಹೊಡೆಯುತ್ತಿತ್ತು, ಸಲೇಸಿ ಮಗುವಿನ ಹಾಗೆ ಅತ್ತ.

ಮರುದಿನ ತಟ್ಟೆಗಳನ್ನು ಮುಟ್ಟದೆ ವಾಪಸು ಕಳಿಸಿದ. "ಅಕ್ಕನ ಮೇಲೆ ಕೋಪ ಇಲ್ಲ, ಕಾಲಿಗೋಸ್ಕರ ಅಂತ ಹೇಳು." ಫುಸಿ ಹೇಳಿದಳು. ಆದರೆ ಲುಪೆಗೆ ಕಂಡದ್ದು ತನ್ನ ತಟ್ಟೆ ತುಂಬಿದಂತೆಯೇ ತಿರುಗಿ ಬಂತು ಅನ್ನುವುದೊಂದೇ. ಮತ್ತೆ ಕಳಿಸಲಿಲ್ಲ. ಕಾಯಿಲೆಯವನ ಮನೆಗೆ ಬರಿಗೈಲಿ ಹೋಗುವುದು ಅಲ್ಲಿ ನಾಚಿಕೆಗೇಡು, ಹಾಗಾಗಿ ಫುಸಿಯೂ ಬರುವುದನ್ನು ನಿಲ್ಲಿಸಿದಳು. ಸಲೇಸಿ ಬೇಯಿಸಿದ ಗೆಣಸಿನ ತುಂಡು ತಿಂದು, ಗೋಡೆ ನೋಡುತ್ತಾ ತಿಂಗಳುಗಟ್ಟಲೆ ಕಳೆದ. ಹಸಿವನ್ನಾದರೂ ತಡೆಯಬಹುದು, ಮಾತಿಲ್ಲದ ಮನೆಯನ್ನು ತಡೆಯುವುದು ಕಷ್ಟ.

ಮೈ ಇಳಿಯಿತು, ಕಾಲು ಬಟ್ಟಲಿಗೆ ಹೊಕ್ಕಿತು. ಅಲ್ಲಿನ ವಾಡಿಕೆಯಂತೆ ಸೊಂಟಕ್ಕೆ ಹಬ್ಬದ ಚಾಪೆ ಸುತ್ತಿಕೊಂಡು ಇಗರ್ಜಿಯ ಸಾಲಿನಲ್ಲಿ ನಿಂತ, ಗಂಟಲು ಬಿಚ್ಚಿ ಹಾಡಿದ. ಅಕ್ಕನಿಗೆ ಕೇಳಿಸಿರುತ್ತದೆ, ಇವತ್ತಾದರೂ ತಿರುಗಿ ನೋಡುತ್ತಾಳೆ ಎಂದು ಆಸೆಪಟ್ಟ.

ಪ್ರಾರ್ಥನೆ ಮುಗಿದ ಮೇಲೆ ಹೊರಗೆ ಲುಪೆ ಅವನಿಗೆ ಬೆನ್ನು ಹಾಕಿ ಪಕ್ಕದವಳ ಹತ್ತಿರ ಅಳುತ್ತಿದ್ದಳು. "ನೋಡೇ, ಹೆಂಗೆ ಸೊರಗಿ ಕಡ್ಡಿ ಆಗಿದಾನೆ. ಅಕ್ಕ ಅನ್ನೋಳು ಬದುಕಿದ್ದೂ ಇವನಿಗೆ ತುತ್ತು ಹಾಕೋರಿಲ್ಲ ಅಂತ ಊರೇ ಆಡ್ಕೊಳ್ತಿದೆ. ಯಾವ ಮುಖ ಇಟ್ಕೊಂಡು ಇಲ್ಲಿಗೆ ಬರ್ಲಿ?"

ಮುಂದಿನ ಭಾನುವಾರ ಹೆಂಗಸರ ಸಾಲಿನಲ್ಲಿ ಲುಪೆಯ ಜಾಗ ಖಾಲಿಯಿತ್ತು. ಸಲೇಸಿ ಕೊನೆಯವರೆಗೂ ನಿಂತೇ ಇದ್ದ, ಹಾಡಲಿಲ್ಲ.