ಬಟ್ಟೆ ಅಂಗಡಿ ಜಗಲಿಯ ಓಟು

ನಂಜನಗೂಡಿನ ದೇವಸ್ಥಾನದ ಬೀದಿಯಲ್ಲಿ ನಾನು ದಿನವೂ ಹೂ ಕೊಳ್ಳುವ ಅಜ್ಜಿಗೆ ಮನೆಯಿಲ್ಲ. ಬಟ್ಟೆ ಅಂಗಡಿಯವರು ಬಾಗಿಲು ಎಳೆದ ಮೇಲೆ ಅದರ ಜಗಲಿಯಲ್ಲೇ ಮಲಗುತ್ತಾಳೆ. ಮಲಗುವ ಮುಂಚೆ ಗುಡಿಸುತ್ತಾಳೆ. ಬೆಳಿಗ್ಗೆ ಎದ್ದು ನೀರು ಚಿಮುಕಿಸಿ, ಪುಟ್ಟದೊಂದು ರಂಗೋಲಿ ಎಳೆದೇ ಜಾಗ ಬಿಡುತ್ತಾಳೆ.

ಹೋದ ಚುನಾವಣೆಗೆ ಕೆಲವು ತಿಂಗಳು ಮುಂಚೆ, ಮೊಳ ಹಾಕುತ್ತಾ ಅವಳೇ ಮಾತು ತೆಗೆದಳು. ಅವಳದು ಟಿ. ನರಸೀಪುರದ ಕಡೆಯ ಮೂಗೂರು.

"ಊರಲ್ಲಿ ಮನೆ ಬಿದ್ದೋದ್ಮೇಲೆ ಲಿಸ್ಟಿಂದ ನನ್ನೆಸ್ರೂ ತೆಗ್ದಾಕವ್ರೆ ಕಣವ್ವ. ಮದ್ವೆಯಾಗಿ ಬಂದಾಗಿಂದ ಒಂದೋಟೂ ತಪ್ಪಿಸ್ದೋಳಲ್ಲ. ಈ ಸಲ ಆಕ್ಲೇಬೇಕು."

ಅರ್ಜಿ ತಂದು, ಕಾನ್ವೆಂಟಿನ ಸಿಸ್ಟರುಗಳು ತಿದ್ದಿಸಿದ ದುಂಡು ಅಕ್ಷರದಲ್ಲಿ ತುಂಬಿದೆ. ಮನೆ ನಂಬರಿನ ಜಾಗಕ್ಕೆ ಬಂದಾಗ ಪೆನ್ನು ನಿಂತಿತು.

"ನಮ್ಮನೆ ನಂಬರೇ ಬರೀಲಾ ಅಜ್ಜಿ?"

"ನಿಮ್ಮನೇಲಿ ನಾನಿವ್ನಾ? ಸುಳ್ಳೇಳಿ ಓಟಾಕಕಾಯ್ತದಾ? ಜಗಲಿ ಅಂತ್ಲೇ ಬರಿ."

ಹಾಗೇ ಬರೆದೆ. ನಮ್ಮ ಬೂತಿನ ಪಟ್ಟಿ ನೋಡಿಕೊಳ್ಳುವವರು ಅಂಗನವಾಡಿ ಟೀಚರು. ಅವರು ಅರ್ಜಿ ಓದಿ, "ಮನೆ ಇಲ್ದೋರಿಗೆ ವಿಳಾಸದ ದಾಖಲೆ ಬೇಡ ಮೇಡಂ. ಆದ್ರೆ ಅಲ್ಲೇ ಮಲಗ್ತಾರೆ ಅಂತ ನಾನು ರಾತ್ರಿ ಬಂದು ಕಣ್ಣಾರೆ ನೋಡ್ಬೇಕು. ಒಂದ್ಸಲ ನೋಡಿದ್ರೂ ಸಾಲ್ದು" ಎಂದರು.

ಎರಡು ದಿನ ಬಿಟ್ಟು ಸಂಜೆ ಜೋರು ಮಳೆ. ಜಗಲಿಯ ತುಂಬ ಎರಚಲು. ಮನಸ್ಸು ತಡೆಯಲಿಲ್ಲ, ಕೊಡೆ ಹಿಡಿದು ಹೋಗಿ, ಬಲವಂತ ಮಾಡಿ ಅಜ್ಜಿಯನ್ನು ಕರೆತಂದೆ. ಬಿಸಿ ಅನ್ನ, ಹುರುಳಿ ಸಾರು ಉಂಡು ನಮ್ಮ ನಡುಮನೆಯಲ್ಲಿ ಮಲಗಿದಳು. ನನಗೋ, ದೊಡ್ಡ ಪುಣ್ಯ ಕಟ್ಟಿಕೊಂಡವಳ ನಿದ್ದೆ.

ಬೆಳಿಗ್ಗೆ ಟೀಚರ ಫೋನು. "ರಾತ್ರಿ ಮಳೇಲಿ ನೆನ್ಕೊಂಡು ಹೋಗಿದ್ದೆ ಮೇಡಂ. ಜಗಲಿ ಮೇಲೆ ಒಂದು ನಾಯಿ ಮಲಗಿತ್ತು. ಅದರ ಹೆಸ್ರು ಸೇರಿಸ್ಲಾ?" ನಕ್ಕು, ಆಮೇಲೆ ದನಿ ತಗ್ಗಿಸಿದರು. "ಇನ್ನೊಂದ್ಸಲ ಸಿಗದಿದ್ರೆ ನಾನು ಇಲ್ಲ ಅಂತ್ಲೇ ಬರೀಬೇಕಾಗುತ್ತೆ."

ಟೀಚರು ಹೇಳಿದ್ದನ್ನು ತಿಳಿಸಿದಾಗ ಅಜ್ಜಿ ಕಾಫಿ ಲೋಟ ಕೆಳಗಿಟ್ಟಳು. "ನೋಡ್ದಾ! ಒಂದಿನ ಬೆಚ್ಗೆ ಮಲಗುಸ್ಬುಟ್ಟು ನನ್ ಓಟ್ಗೇ ಸಂಚ್ಕಾರ ತರ್ತಿದ್ದೆ. ಇನ್ ಕರೀಬ್ಯಾಡ ಕಣವ್ವ."

ಕರೆಯಲಿಲ್ಲ. ಕರೆಯದೆ ಇರುವುದು ಇಷ್ಟು ಕಷ್ಟ ಎಂದು ಗೊತ್ತಿರಲಿಲ್ಲ. ಮುಂದಿನ ಸಲ ಟೀಚರು ಹೇಳಿಯೇ ಬಂದರು, ಗಂಡನ ಸ್ಕೂಟರಿನಲ್ಲಿ. ಅಂದೂ ಹನಿಯುತ್ತಿತ್ತು. ಟಾರ್ಪಾಲು ಹೊದ್ದು ಮಲಗಿದ್ದ ಅಜ್ಜಿಯ ಮೇಲೆ ಟಾರ್ಚು ಬಿಟ್ಟರು. ನಾನು ಎದುರು ಮನೆಯ ಸೂರಿನಡಿ ನಿಂತಿದ್ದೆ.

"ಅಜ್ಜಿ, ದಿನಾ ಇಲ್ಲೇನಾ ಮಲಗೋದು?"

"ಇಲ್ಲ ಕಣ್ ಮಗ, ಅರಮನೇಲಿ. ಸೆಕೆ ಅಂತ ಈಚ್ಗೆ ಬಂದಿವ್ನಿ."

ಟೀಚರು ನಗುತ್ತಲೇ ಬರೆದುಕೊಂಡರು. ಮೂರು ದಿನ ಬಿಟ್ಟು ಹೇಳದೆ ಬಂದು ನೋಡಿದರಂತೆ. ಆಗಲೂ ಅಲ್ಲೇ ಇದ್ದಳು.

ಮತದಾನದ ದಿನ ಶಾಲೆಯ ಅಂಗಳದಲ್ಲಿ ಉದ್ದ ಸಾಲು. ನಮ್ಮ ಮುಂದಿದ್ದ ಗಂಡಸೊಬ್ಬ, "ವಯಸ್ಸಾದೋಳು ನೀನು, ಮುಂದಕ್ಕೋಗಜ್ಜಿ" ಎಂದು ಪಕ್ಕಕ್ಕೆ ಸರಿದ.

"ನಿಂಗ್ಯಾಕ್ಲಾ ಅವಸ್ರ? ನನ್ನೆಸ್ರು ಲಿಸ್ಟಲ್ಲಿ ಅದೆ, ಎಲ್ಗೂ ಓಡೋಗಕಿಲ್ಲ" ಎಂದವಳು ಸೆರಗು ಸರಿಮಾಡಿಕೊಂಡು ಸಾಲಿನಲ್ಲೇ ನಿಂತಳು. ಒಂದೂವರೆ ಗಂಟೆ. ಅವಳ ಹಿಂದೆ ನಾನು.