ಬಳ್ಳಿಯ ಕೈ

ಆ ದಿನ ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಸೇಡಂ ಹತ್ತಿರದ ಹಳ್ಳಿಶಾಲೆಯಲ್ಲಿ ನಾನು ವಿಜ್ಞಾನದ ಮಾಸ್ತರ. ವಾಡಿಯಿಂದ ರೈಲಿನಲ್ಲಿ ಓಡಾಡುತ್ತೇನೆ. ಸೇಡಂನ ವಿಜ್ಞಾನ ಪ್ರದರ್ಶನಕ್ಕೆ ನಮ್ಮ ಶಾಲೆಯಿಂದ ಒಬ್ಬರೇ ಹೋಗಬೇಕಿತ್ತು. ಏಳನೆಯ ತರಗತಿಯ ಹುಡುಗಿಯೊಬ್ಬಳು ಆಸೆಯಿಂದ ಡಬ್ಬಿಯಲ್ಲಿ ಹೀರೇಬಳ್ಳಿ ಬೆಳೆಸಿ, ಬದಿಗೆ ತೊಗರಿಕಟ್ಟಿಗೆ ನೆಟ್ಟು ತಂದಿದ್ದಳು. ಎಲೆಯ ಬುಡದಿಂದ ಹೊರಟ ಹಸಿರು ಎಳೆಯೊಂದು ಕಟ್ಟಿಗೆಯನ್ನು ಬಿಗಿಯಾಗಿ ಸುತ್ತಿತ್ತು.

“ಇದಕ್ಕೇನಂತಾರ?” ಎಂದೆ.

“ಬಳ್ಳಿ ಕೈ ರೀ ಸರ. ಆಸರಾ ಹುಡುಕಿ ಹಿಡೀತದಲ್ರೀ, ಅದಕ್ಕ ಕೈ ಅಂತಾಳ ನಮ್ಮವ್ವ. ನಾವು ಎಳದು ಕಟ್ಟಬಾರದಂತ್ರೀ. ಬಾಜೂಕ ಕಟ್ಟಿಗಿ ನೆಟ್ರ ತಾನೇ ಹಿಡೀತದಂತ.”

“ಹಂಗಾರ ನಾಳೆ ಆ ಕೈಗೆ ಬಳಿ ಇಡಸ್ತಿ ಏನು?” ಎಂದೆ. ತರಗತಿಯೆಲ್ಲ ಹೊಟ್ಟೆ ಹಿಡಿದು ನಕ್ಕಿತು. ನಾನು ಇನ್ನಷ್ಟು ಉಬ್ಬಿ, ಹಲಗೆಯ ಮೇಲೆ ‘ಲತಾತಂತು’ ಎಂದು ಬರೆದೆ. ಲತೆಯೆಂದರೆ ಬಳ್ಳಿ, ತಂತುವೆಂದರೆ ನೂಲು, ಸಂಸ್ಕೃತದಿಂದ ಬಂದ ಶಬ್ದ ಎಂದು ಉಪದೇಶ ಮಾಡಿದೆ. ಅದನ್ನು ನೂರು ಸಲ ಬರೆದು ತರಲು ಅವಳಿಗೆ ಹೇಳಿ, ಪ್ರದರ್ಶನಕ್ಕೆ ಬೇರೊಬ್ಬಳ ಹೆಸರು ಹಾಕಿದೆ.

ಸಂಜೆ ಮನೆಗೆ ಬಂದರೆ ಹಿತ್ತಲಲ್ಲಿ ನಮ್ಮವ್ವ ಪರಸಿಕಲ್ಲಿನ ಗೋಡೆಗೆ ಕಡ್ಡಿ ಒರಗಿಸುತ್ತಿದ್ದಳು. ಪಕ್ಕದಲ್ಲಿ ಸೌತೆಬಳ್ಳಿ.

“ಪಾಪ, ಮುಂಜಾನಿಂದ ಕೈ ಚಾಚಿ ನಿಂತದ ನೋಡಪ್ಪ,” ಎಂದಳು.

ಸಣ್ಣವನಿದ್ದಾಗ ನಾನೂ ಅದನ್ನು ಕೈ ಎಂದೇ ಕರೆದವನು. ಕಲಬುರಗಿಗೆ ಓದಲು ಹೋದಾಗ ಯಾರಾದರೂ ನಕ್ಕಾರೆಂದು ಹೆದರಿ ಆ ಮಾತನ್ನು ನುಂಗಿಕೊಂಡಿದ್ದೆ. ಈಗ ನಗುವ ಸರದಿ ನನ್ನದಾಗಿತ್ತು. ಛೀ, ಎಂಥ ಮಾಸ್ತರನಪ್ಪ ನಾನು! ನೂಲು ತಾನಾಗಿ ಏನನ್ನಾದರೂ ಹಿಡಿದದ್ದುಂಟೆ? ಕೈ ಎಂಬುದು ಬಳ್ಳಿಯ ಪಕ್ಕ ದಿನವೂ ಕೂತು ನೋಡಿದವರು ಇಟ್ಟ ಹೆಸರು. ಪುಸ್ತಕ ನೋಡಿ ಬಾಯಿಪಾಠ ಮಾಡಿದ ನಾನು ಅದಕ್ಕೆ ಗೀಟು ಎಳೆದಿದ್ದೆ.

ಮರುದಿನ ಹುಡುಗಿಯನ್ನು ಕರೆದೆ.

“ನಿನ್ನೆ ನಂದೇ ತಪ್ಪಾತವ್ವ. ಸೇಡಂಗೆ ನೀನೇ ಹೋಗು. ಅಲ್ಲಿ ಬಳ್ಳಿ ಕೈ ಅಂತನೇ ಹೇಳು.”

ಅವಳು ನೂರು ಸಲ ಬರೆದ ವಹಿಯನ್ನು ಮೇಜಿನ ಮೇಲಿಟ್ಟಳು. ತಲೆ ಎತ್ತಲಿಲ್ಲ.

“ಬ್ಯಾಡ್ರೀ ಸರ. ಹಂಗಂದ್ರ ಮಂದಿ ನಗ್ತಾರಂತ ನಮ್ಮವ್ವಗೂ ಹೇಳೀನ್ರಿ. ಇನ್ಮ್ಯಾಲ ಆಕಿನೂ ಅನ್ನಂಗಿಲ್ಲಂತ್ರಿ.”